ಉಪಕರಣಶುದ್ಧಿ ಮತ್ತು ಅರಿವಿನ ಪ್ರಾಮಾಣ್ಯ

ಅರಿವು ಸತ್ಯವೆಂದು ತಿಳಿಯುವುದು ಹೇಗೆ ಎಂಬುದರ ಬಗ್ಗೆ ಭಾರತೀಯ ದರ್ಶನಗಳಲ್ಲಿ ನಡೆದ ಸುದೀರ್ಘ ವಾದದಲ್ಲಿ ಎರಡು ಪಕ್ಷಗಳು ಮುಖ್ಯವಾಗಿವೆ. ಮೀಮಾಂಸಕನಾದ ಕುಮಾರಿಲ ಭಟ್ಟನ ಪ್ರಕಾರ ಜ್ಞಾನವು ಹುಟ್ಟುವಾಗಲೇ ಪ್ರಮಾಣ, ಅಂದರೆ ತನ್ನ ಸತ್ಯತೆಗೆ ಬೇರೊಂದು ಸಾಕ್ಷಿಯನ್ನು ಅದು ಬೇಡುವುದಿಲ್ಲ. ಮುಂದೆ ಅದಕ್ಕೆ ವಿರುದ್ಧವಾದ ಅರಿವು ಎದುರಾದಾಗ, ಇಲ್ಲವೆ ಅದನ್ನು ಹುಟ್ಟಿಸಿದ ಸಾಧನದಲ್ಲಿಯೇ ಕೊರತೆಯಿತ್ತೆಂದು ತಿಳಿದಾಗ ಮಾತ್ರ ಅದು ಬಿದ್ದುಹೋಗುತ್ತದೆ. ಈ ಎರಡನೆಯದಕ್ಕೆ ಕಾರಣದೋಷವೆಂದು ಹೆಸರು. ಕಾಮಾಲೆ ಹಿಡಿದ ಕಣ್ಣಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುವುದು ಶಾಸ್ತ್ರಗ್ರಂಥಗಳು ಮೇಲಿಂದ ಮೇಲೆ ಕೊಡುವ ಉದಾಹರಣೆ. ಎದುರು ಪಕ್ಷದವರಾದ ನೈಯಾಯಿಕರು ಇದನ್ನೊಪ್ಪದೆ, ಸಾಧನ ಗುಣಯುತವಾಗಿದ್ದರೆ ಮಾತ್ರ ಜ್ಞಾನ ಸತ್ಯವಾದೀತು, ಆ ಸತ್ಯತೆಯನ್ನೂ ಪರೀಕ್ಷಿಸಿಯೇ ಒಪ್ಪಬೇಕು ಎಂದರು. ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಮಾತ್ರ ಎರಡೂ ಪಕ್ಷಗಳು ವಿಧಿಸುವ ಕರ್ತವ್ಯ ಒಂದೇ: ಸಾಧನವನ್ನು ದೋಷವಿಲ್ಲದಂತೆ ಇಟ್ಟುಕೊಳ್ಳುವುದು.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರಗಳಂಥ ದ್ರಾಕ್ಷಿಯ ಸೀಮೆಯಲ್ಲಿ ಈ ಮಾತು ಬರಿಯ ತರ್ಕವಲ್ಲ. ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದಕ್ಕೆ, ಮುಂಚೆ ಕಡ್ಡಿಯ ಕಣ್ಣುಗಳನ್ನು ಸೀಳಿ, ಯಾವುದರೊಳಗೆ ಗೊನೆಯ ಅಂಕುರವಿದೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡಿಕೊಂಡು, ಎಷ್ಟನೆಯ ಕಣ್ಣಿನ ಮೇಲೆ ಕತ್ತರಿ ಆಡಿಸಬೇಕೆಂದು ನಿರ್ಧರಿಸುವ ಕ್ರಮ ದ್ರಾಕ್ಷಿ ಬೇಸಾಯದಲ್ಲಿದೆ. ಮಸೂರದ ಮೇಲಿನ ಕಲೆಯನ್ನು ಅಂಕುರವೆಂದು ತಿಳಿದರೆ ಕಾರಣದೋಷದ ಫಲವನ್ನು ಇಡೀ ಹಂಗಾಮು ಉಣ್ಣಬೇಕಾಗುತ್ತದೆ. ವಿಜಯಪುರ ನಗರದ ಶಾಲೆಯ ಮಗು ಈರುಳ್ಳಿಯ ಪೊರೆ ನೋಡುವಾಗ ಮಸೂರದ ಮೇಲಿನ ಧೂಳಿನ ಕಣವನ್ನು ಕೋಶಕೇಂದ್ರವೆಂದು ಬರೆದುಕೊಂಡರೆ ನಷ್ಟ ಚಿಕ್ಕದೆನಿಸಬಹುದು, ಆದರೆ ದೋಷದ ಜಾತಿ ಅದೇ.

ಪ್ಲಾಸ್ಟಿಕ್ ಮೈಯ ಅಗ್ಗದ ಸೂಕ್ಷ್ಮದರ್ಶಕದಲ್ಲಿ ದೋಷ ಬೇಗ ಬೇರೂರುತ್ತದೆ. ಇಂಥವುಗಳಲ್ಲಿ ಮಸೂರವೂ ಅನೇಕ ವೇಳೆ ಅಕ್ರಿಲಿಕ್‌ನದು, ಅಂದರೆ ಗಾಜಿಗಿಂತ ಮೃದುವಾದ ಪಾರದರ್ಶಕ ಪ್ಲಾಸ್ಟಿಕ್‌ನದು. ಆದ್ದರಿಂದ ಮಣ್ಣಿನ ಹರಳುಕಣ ಕುಳಿತಿರುವಾಗಲೇ ಅದನ್ನು ಒರೆಸಿದರೆ ಗೀರು ಬಿದ್ದು, ತೊಳೆಯಬಹುದಾಗಿದ್ದ ಕೊಳೆ ಅಳಿಸಲಾಗದ ಊನವಾಗುತ್ತದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ, ಮೆತ್ತನೆಯ ಕುಂಚ ಆಡಿಸಿ, ಕೊನೆಗೆ ಮಾತ್ರ ಮಸೂರ ಒರೆಸುವ ತುಸು ತೇವದ ಬಟ್ಟೆಯನ್ನು ಮುಟ್ಟಿಸಬೇಕು. ಅಸಿಟೋನ್ ಇಂಥ ಪ್ಲಾಸ್ಟಿಕ್ ಮೈಯನ್ನು ಕರಗಿಸುತ್ತದೆ, ಸ್ಪಿರಿಟ್ ತಗುಲಿದ ಅಕ್ರಿಲಿಕ್‌ನಲ್ಲಿ ನವಿರು ಬಿರುಕು ಮೂಡುತ್ತದೆ, ನೇರ ಬಿಸಿಲು ಮೈಯನ್ನು ಪೆಡಸುಗೊಳಿಸುತ್ತದೆ. ಲೋಹದ ದುಬಾರಿ ಉಪಕರಣಕ್ಕೆ ರೂಢಿಯಾಗಿರುವ ದ್ರಾವಕಗಳೇ ಇದಕ್ಕೆ ವಿಷ.

ಧಾರ್ಮಿಕವಾದ ತೊಡಕು ಹುಟ್ಟುವುದು ಖಂಡೇನವಮಿಯಂದು. ದುಡಿಮೆಯ ಸಾಧನಗಳನ್ನೆಲ್ಲ ಪೂಜಿಸುವ ಈ ದಿನ ಹತಾರಗಳಿಗೆ ಹಚ್ಚುವ ಅರಿಸಿನ, ಕುಂಕುಮ, ವಿಭೂತಿಗಳು ಪುಡಿಗಳೇ ಆದ್ದರಿಂದ ಮಸೂರಕ್ಕೂ ಫೋಕಸ್ ತಿರುಪಿನ ಹಲ್ಲುಗಳಿಗೂ ಅವು ಹಾನಿಯನ್ನೇ ತರುತ್ತವೆ. ಹೀಗೆ ಗೌರವವೇ ಕಾರಣದೋಷವಾಗುವ ವಿಚಿತ್ರ ಪ್ರಸಂಗ ಒದಗುತ್ತದೆ. ಇದಕ್ಕೆ ಉತ್ತರ ಇದೇ ಜಿಲ್ಲೆಯ ಪರಂಪರೆಯಲ್ಲಿದೆ. ಶಿವಣಗಿಯಲ್ಲಿ ಹುಟ್ಟಿದನೆಂದು ಹೇಳಲಾಗುವ, ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನು ಹಗ್ಗಕ್ಕಾಗಿ ಹುಲ್ಲು ಕೊಯ್ಯುವಾಗ ಮೈಮೇಲೆ ಧರಿಸಿದ್ದ ಇಷ್ಟಲಿಂಗ ಜಾರಿಬಿದ್ದರೂ ಕೆಲಸ ನಿಲ್ಲಿಸದೆ ನಡೆದನೆಂದೂ, ಲಿಂಗವೇ ಅವನನ್ನು ಹಿಂಬಾಲಿಸಿತೆಂದೂ ಕಥೆಯಿದೆ. ಕಾಯಕವನ್ನು, ಅಂದರೆ ನಿಷ್ಠೆಯಿಂದ ಮಾಡುವ ದುಡಿಮೆಯನ್ನು, ಪೂಜೆಗಿಂತ ಹಿಂದೆ ನಿಲ್ಲಿಸಲೊಪ್ಪದ ಈ ನಿಲುವಿನ ಪ್ರಕಾರ ಸಾಧನಕ್ಕೆ ಸಲ್ಲುವ ಪೂಜೆಯೆಂದರೆ ಅದು ತನ್ನ ಕೆಲಸಕ್ಕೆ ಯೋಗ್ಯವಾಗಿರುವಂತೆ ನಿತ್ಯವೂ ನೋಡಿಕೊಳ್ಳುವುದೇ ಆಗುತ್ತದೆ. ಶುಚಿಗೊಳಿಸುವುದನ್ನು ಕಾಯಕವೆಂದರೆ ಧರ್ಮ ಅಗ್ಗವಾಗುವುದೆಂದು ಆಕ್ಷೇಪಿಸುವವರು, ಚಂದಯ್ಯನ ಸರಕೂ ಹುಲ್ಲಿನ ಹಗ್ಗವೇ ಆಗಿತ್ತೆಂಬುದನ್ನು ಮರೆತಿರುತ್ತಾರೆ.

ಆದ್ದರಿಂದ ನವಮಿಯ ದಿನವೂ ಮಸೂರಕ್ಕೆ ಗಾಳಿ ಮತ್ತು ಕುಂಚ ಮಾತ್ರ ಸಲ್ಲಲಿ. ಕುಂಕುಮವನ್ನು ಉಪಕರಣವಿಡುವ ಪೆಟ್ಟಿಗೆಯ ಹೊರಮೈಗೆ ಹಚ್ಚಿದರೆ ಸಾಕು.