ಪ್ರಮಾಣವಚನದ ಮುಂದೆ ಮನಸ್ಸಾಕ್ಷಿ: ಐರ್ಲೆಂಡಿನ ಕ್ಲೇರ್ ಕ್ಷೇತ್ರ

ಒಬ್ಬ ವ್ಯಕ್ತಿಯ ಅಂತರಂಗದ ನಂಬಿಕೆಯನ್ನು ಬಾಯಿಬಿಟ್ಟು ಹೇಳಿಸಿ, ಆ ಮಾತಿನ ಆಧಾರದ ಮೇಲೆ ಅವನಿಗೆ ಅಧಿಕಾರದ ಸ್ಥಾನವನ್ನು ಕೊಡುವ ಅಥವಾ ನಿರಾಕರಿಸುವ ಹಕ್ಕು ಪ್ರಭುತ್ವಕ್ಕೆ ಉಂಟೇ ಎಂಬ ಪ್ರಶ್ನೆ ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಬಗೆಬಗೆಯಾಗಿ ಚರ್ಚೆಗೊಳಗಾಗಿದೆ. ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಕೌಂಟಿಯಲ್ಲಿ ಅದನ್ನು ಎತ್ತಿದವರು ಗೇಣಿದಾರ ರೈತರು. 1801ರಲ್ಲಿ ಜಾರಿಗೆ ಬಂದ ಒಕ್ಕೂಟ ಕಾಯಿದೆಯು ಡಬ್ಲಿನ್ನಿನ ಸಂಸತ್ತನ್ನು ರದ್ದುಗೊಳಿಸಿ ಐರ್ಲೆಂಡನ್ನು ಬ್ರಿಟನ್ನಿನೊಡನೆ ಕೂಡಿಸಿದಾಗ, ಈ ಕೌಂಟಿಯು ಲಂಡನ್ನಿನ ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಕ್ಷೇತ್ರವಾಯಿತು. 1885ರಲ್ಲಿ ಅದು ಪೂರ್ವ, ಪಶ್ಚಿಮ ಎಂದು ಎರಡಾಯಿತು. 1922ರಲ್ಲಿ ಲಂಡನ್ ಸಂಸತ್ತಿನೊಡನೆ ಅದರ ಸಂಬಂಧವೇ ಕಡಿದುಹೋಯಿತು.

1793ರ ಕಾನೂನು ಐರ್ಲೆಂಡಿನ ಕ್ಯಾಥೊಲಿಕರಿಗೆ ಮತ ಹಾಕುವ ಹಕ್ಕನ್ನು ಕೊಟ್ಟಿತ್ತಾದರೂ ಸಂಸತ್ತಿನಲ್ಲಿ ಕೂರುವ ಹಕ್ಕನ್ನು ಕೊಟ್ಟಿರಲಿಲ್ಲ. ಅವರನ್ನು ಹೊರಗಿಟ್ಟದ್ದು ಪ್ರಮಾಣವಚನ. ಇಂಗ್ಲೆಂಡಿನ ರಾಜ್ಯದೊಳಗೆ ಯಾವ ಪರದೇಶದ ಗುರುವಿಗೂ ಧಾರ್ಮಿಕ ಅಧಿಕಾರವಿಲ್ಲ, ಇರಲೂ ಕೂಡದು ಎಂದು ಸದಸ್ಯನು ಆಣೆಯಿಡಬೇಕಿತ್ತು. ಪೋಪರನ್ನು ಹೊರಗಿಡುವುದೇ ಇದರ ಉದ್ದೇಶವಾಗಿತ್ತು. ಇದರ ಜೊತೆಗೆ, ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳು ಕ್ರಿಸ್ತನ ಶರೀರ ಮತ್ತು ರಕ್ತಗಳಾಗಿ ಸತ್ತ್ವತಃ ಮಾರ್ಪಡುತ್ತವೆ ಎಂಬ ಕ್ಯಾಥೊಲಿಕ್ ಸಿದ್ಧಾಂತವನ್ನು ಅಲ್ಲಗಳೆದು, ಆ ಬಲಿಪೂಜೆಯೂ ಮೇರಿ ಮಾತೆಯ ಮತ್ತು ಸಂತರ ಪ್ರಾರ್ಥನೆಯೂ ಮೂಢನಂಬಿಕೆ ಮತ್ತು ವಿಗ್ರಹಾರಾಧನೆ ಎಂದು 1678ರ ಘೋಷಣೆಯಲ್ಲಿ ಹೇಳಬೇಕಿತ್ತು. ಈ ಮಾತುಗಳನ್ನು ಅವುಗಳ ಸಹಜಾರ್ಥದಲ್ಲಿಯೇ, ಮನಸ್ಸಿನಲ್ಲಿ ಬೇರೇನನ್ನೂ ಬಚ್ಚಿಟ್ಟುಕೊಳ್ಳದೆ ಹೇಳುತ್ತಿದ್ದೇನೆ ಎಂಬ ಒಪ್ಪಿಗೆಯೂ ಅದೇ ಘೋಷಣೆಯಲ್ಲಿ ಸೇರಿದ್ದರಿಂದ, ಬಾಯಲ್ಲಿ ಒಂದು ಹೇಳಿ ಒಳಗೆ ಇನ್ನೊಂದು ಇಟ್ಟುಕೊಳ್ಳುವ ದಾರಿಯೂ ಮುಚ್ಚಿಹೋಗಿತ್ತು. ಧರ್ಮನಿಷ್ಠನನ್ನು ಮಾತ್ರ ತಡೆದು, ಸುಳ್ಳಾಡಲು ಹೇಸದವನನ್ನು ಒಳಗೆ ಬಿಡುವ ಇಂಥ ಬಾಗಿಲು ನೈತಿಕವಾಗಿ ಎಷ್ಟು ವಿಕೃತವಾದುದು ಎಂಬುದನ್ನು ಅದನ್ನು ಕಟ್ಟಿದವರು ಯೋಚಿಸಿದಂತೆ ತೋರುವುದಿಲ್ಲ.

1828ರಲ್ಲಿ ಕ್ಲೇರಿನ ಸದಸ್ಯ ವಿಲಿಯಂ ವೆಸಿ ಫಿಟ್ಸ್‌ಜೆರಾಲ್ಡ್ ಮಂತ್ರಿಪದವಿಯನ್ನು ಪಡೆದಾಗ, ಅಂದಿನ ನಿಯಮದಂತೆ ಅವರು ಮತ್ತೆ ಚುನಾವಣೆಯನ್ನು ಎದುರಿಸಬೇಕಾಯಿತು. ಅವರು ಕ್ಯಾಥೊಲಿಕರ ಹಕ್ಕುಗಳ ಪರವಾಗಿಯೇ ಇದ್ದ ಜನಪ್ರಿಯ ಭೂಮಾಲೀಕ. ಆದರೂ ಕ್ಯಾಥೊಲಿಕ್ ಸಂಘದ ನಾಯಕ, ವಕೀಲ ಡೇನಿಯಲ್ ಓಕಾನೆಲ್, ಗೆದ್ದರೂ ಸಭೆಯಲ್ಲಿ ಕೂರಲಾಗದು ಎಂದು ಗೊತ್ತಿದ್ದೇ ಅವರಿಗೆದುರಾಗಿ ನಿಂತರು. ಮತದಾರರಲ್ಲಿ ಹೆಚ್ಚಿನವರು ನಲವತ್ತು ಶಿಲ್ಲಿಂಗಿನ ಹಿಡುವಳಿದಾರರು, ಎಂದರೆ ವರ್ಷಕ್ಕೆ ಅಷ್ಟು ಬೆಲೆಬಾಳುವ ನೆಲವನ್ನು ಜೀವಾವಧಿ ಗುತ್ತಿಗೆಯ ಮೇಲೆ ಹಿಡಿದಿದ್ದ ಬಡ ರೈತರು. ಒಡೆಯರು ತಮ್ಮ ಮತಗಳ ಸಂಖ್ಯೆಯನ್ನು ಬೆಳೆಸಿಕೊಳ್ಳಲೆಂದೇ ಇಂಥ ಗುತ್ತಿಗೆಗಳನ್ನು ಹೆಚ್ಚಿಸಿದ್ದರು. ಗುಪ್ತ ಮತದಾನವು 1872ರವರೆಗೆ ಬಂದಿರಲಿಲ್ಲವಾದ್ದರಿಂದ, ಎನ್ನಿಸ್ ಪಟ್ಟಣದಲ್ಲಿ ಐದು ದಿನ ನಡೆದ ಮತದಾನದಲ್ಲಿ ಪ್ರತಿಯೊಬ್ಬ ಗೇಣಿದಾರನೂ ಎಲ್ಲರ ಕಿವಿಗೆ ಬೀಳುವಂತೆ ತನ್ನ ಆಯ್ಕೆಯನ್ನು ಹೇಳಬೇಕಿತ್ತು. ಗುತ್ತಿಗೆ ನವೀಕರಿಸುವವನೂ ಒಕ್ಕಲೆಬ್ಬಿಸುವವನೂ ಒಡೆಯನೇ ಎಂದು ಬಲ್ಲ ಆ ಜನ ಪಾದ್ರಿಗಳ ಹಿಂದೆ ಹಳ್ಳಿಹಳ್ಳಿಗಳಿಂದ ಸಾಲುಗಟ್ಟಿ ಬಂದು, ಒಡೆಯರಿಗೆ ಬೆನ್ನು ತಿರುಗಿಸಿ, ಓಕಾನೆಲ್‌ಗೆ 2057 ಮತಗಳನ್ನೂ ಫಿಟ್ಸ್‌ಜೆರಾಲ್ಡ್‌ಗೆ 982 ಮತಗಳನ್ನೂ ಕೊಟ್ಟರು.

ಅಂತರ್ಯುದ್ಧದ ಭಯದಿಂದ ಪ್ರಧಾನಿ ವೆಲಿಂಗ್ಟನ್ ಮತ್ತು ಗೃಹಮಂತ್ರಿ ಪೀಲ್ ಮಣಿದರು. 1829ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. ಆದರೆ ಹೊಸ ಪ್ರಮಾಣವಚನವು ಕಾನೂನು ಜಾರಿಯಾದ ಮೇಲೆ ಆಯ್ಕೆಯಾದವರಿಗಷ್ಟೇ ಅನ್ವಯಿಸುತ್ತಿತ್ತು. ಮೇ ತಿಂಗಳಲ್ಲಿ ಓಕಾನೆಲ್ ಕಾಮನ್ಸ್ ಸಭೆಗೆ ಬಂದು ನಿಂತಾಗ ಅವರ ಮುಂದಿಟ್ಟದ್ದು ಹಳೆಯ ಪಾಠವನ್ನೇ. ಅವರು ಅದನ್ನು ನೋಡಿ, ಇದರಲ್ಲಿ ಒಂದು ಸಂಗತಿ ಸುಳ್ಳೆಂದು ತಮಗೆ ಗೊತ್ತಿದೆ, ಇನ್ನೊಂದು ಅಭಿಪ್ರಾಯ ನಿಜವಲ್ಲವೆಂದು ತಾವು ನಂಬಿದ್ದೇವೆ ಎಂಬ ಅರ್ಥದ ಮಾತನ್ನಾಡಿ ನಿರಾಕರಿಸಿದರು. ಪೋಪರಿಗೆ ಧಾರ್ಮಿಕ ಅಧಿಕಾರ ‘ಇಲ್ಲ’ ಎಂಬುದು ಸಂಗತಿ, ‘ಇರಕೂಡದು’ ಎಂಬುದು ಅಭಿಪ್ರಾಯ. ಸುಳ್ಳುಸಾಕ್ಷಿಯನ್ನು ದಿನವೂ ಸೀಳಿ ನೋಡುತ್ತಿದ್ದ ವಕೀಲನ ಕಣ್ಣು ಇಲ್ಲಿ ಭಕ್ತನ ಮನಸ್ಸಾಕ್ಷಿಯ ನೆರವಿಗೆ ಬಂದಿತು. ಸ್ಥಾನ ತೆರವಾಗಿ, ಜುಲೈನಲ್ಲಿ ಕ್ಲೇರ್ ಅವರನ್ನು ಅವಿರೋಧವಾಗಿ ಮರಳಿ ಆರಿಸಿತು.

ಈ ವಿಜಯದ ಬೆಲೆಯನ್ನು ತೆತ್ತವರು ಬೇರೆಯವರು. ಅದೇ ಕಾಲಕ್ಕೆ ಬಂದ ಇನ್ನೊಂದು ಕಾನೂನು ಐರ್ಲೆಂಡಿನ ಕೌಂಟಿಗಳಲ್ಲಿ ಮತದಾನದ ಅರ್ಹತೆಯನ್ನು ನಲವತ್ತು ಶಿಲ್ಲಿಂಗಿನಿಂದ, ಎಂದರೆ ಎರಡು ಪೌಂಡಿನಿಂದ, ಹತ್ತು ಪೌಂಡಿಗೆ ಏರಿಸಿತು. ಎನ್ನಿಸ್‌ನಲ್ಲಿ ಒಡೆಯನೆದುರು ನಿಂತು ಹೆಸರು ಹೇಳಿದ ರೈತರು ಹೀಗೆ ಮತವನ್ನೇ ಕಳೆದುಕೊಂಡರು. ಸಭೆಯಲ್ಲಿ ಕೂರಬಲ್ಲ ಕೆಲವೇ ಕ್ಯಾಥೊಲಿಕ್ ಗಣ್ಯರ ಮನಸ್ಸಾಕ್ಷಿಯನ್ನು ಬಿಡುಗಡೆ ಮಾಡಲು, ಅಷ್ಟೇ ಧೈರ್ಯದಿಂದ ತಮ್ಮ ಮನಸ್ಸಾಕ್ಷಿಯನ್ನು ಬಹಿರಂಗವಾಗಿ ನುಡಿದವರ ಬಾಯಿ ಕಟ್ಟಿದ್ದು ಆ ಸುಧಾರಣೆಯ ತೀರದ ಋಣ. ಧಾರ್ಮಿಕ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಓಕಾನೆಲ್ ಅವರ ನಿರಾಕರಣೆಗೆ ಸಂದ ಗೌರವದಲ್ಲಿ ಅರ್ಧವಾದರೂ ಈ ಹೆಸರಿಲ್ಲದವರಿಗೆ ಸಲ್ಲಬೇಕು.

ಇದೇ ನೆಲದಲ್ಲಿ ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿತು. ಪೂರ್ವ ಕ್ಲೇರಿನ ಸದಸ್ಯ ವಿಲಿ ರೆಡ್ಮಂಡ್ 1917ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದಾಗ, ಸೆರೆಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಸ್ವಾತಂತ್ರ್ಯವಾದಿ ನಾಯಕ ಏಮನ್ ಡಿ ವಲೇರಾ ಆ ಸ್ಥಾನವನ್ನು 5010 ಮತಗಳಿಂದ ಗೆದ್ದರು. ಎದುರಾಳಿಗೆ ಬಂದದ್ದು 2035. ಓಕಾನೆಲ್ ಲಂಡನ್ನಿನ ಸಭೆಗೆ ಹೋಗಲು ಹೋರಾಡಿದ್ದರೆ, ಡಿ ವಲೇರಾ ಅಲ್ಲಿಗೆ ಹೋಗುವುದಿಲ್ಲ ಎಂದೇ ಗೆದ್ದಿದ್ದರು. 1922ರಲ್ಲಿ ರೂಪುಗೊಂಡ ಐರಿಷ್ ಸ್ವತಂತ್ರ ರಾಜ್ಯದ ಶಾಸನಸಭೆಯಲ್ಲಿಯೂ ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣವಿತ್ತು, ಅದರ ಸುತ್ತ ಅಂತರ್ಯುದ್ಧವೂ ನಡೆಯಿತು. 1927ರ ಆಗಸ್ಟ್‌ನಲ್ಲಿ, ಕ್ಲೇರಿನ ಪ್ರತಿನಿಧಿಯಾಗಿಯೇ, ಡಿ ವಲೇರಾ ಮೇಜಿನ ಮೇಲಿದ್ದ ಬೈಬಲನ್ನು ದೂರಕ್ಕೆ ಸರಿಸಿ, ತಾವು ಯಾವ ಪ್ರಮಾಣವನ್ನೂ ಸ್ವೀಕರಿಸುತ್ತಿಲ್ಲವೆಂದು ತಿಳಿಸಿ ಪುಸ್ತಕದಲ್ಲಿ ಸಹಿ ಹಾಕಿದರು. ಆ ಪಾಠವು ಅವರಿಗೆ ಬರಿಯ ಪೊಳ್ಳು ವಿಧಿಯಾಗಿತ್ತು. ರಾಜಕೀಯವಾಗಿ ಈ ಹೆಜ್ಜೆ ದೇಶಕ್ಕೆ ಒಳಿತನ್ನೇ ಮಾಡಿತು, ಅಂತರ್ಯುದ್ಧದಲ್ಲಿ ಸೋತ ಅವರ ಪಕ್ಷವನ್ನು ಶಾಸನಸಭೆಯೊಳಗೆ ತಂದಿತು. ಆದರೂ ನುಡಿದ ಅಥವಾ ಸಹಿಯಿಟ್ಟ ಮಾತಿಗೆ ಅದರ ಸಹಜಾರ್ಥವೇ ಅರ್ಥವೆಂದು ಹಿಡಿದು ಸ್ಥಾನವನ್ನೇ ಬಿಟ್ಟ ಓಕಾನೆಲ್ ಅವರ ನಿಲುವು ಇದಕ್ಕಿಂತ ಗಟ್ಟಿಯಾದುದು. ಆಡುವವನ ಒಳಗಿನ ಇಂಗಿತವೇ ಆಣೆಯ ಅರ್ಥವನ್ನು ತೀರ್ಮಾನಿಸುವುದಾದರೆ ಯಾವ ಆಣೆಯನ್ನೂ ಯಾರೂ ನಂಬಬೇಕಾಗಿಲ್ಲ.

ಡಿ ವಲೇರಾ ಅಧಿಕಾರಕ್ಕೆ ಬಂದು 1933ರಲ್ಲಿ ಆ ಪ್ರಮಾಣವನ್ನು ತೆಗೆದುಹಾಕಿದರು. ಅವರ ನೇತೃತ್ವದಲ್ಲಿ ಸಿದ್ಧವಾದ 1937ರ ಸಂವಿಧಾನವು ಶಾಸಕರಿಗೆ ಯಾವ ಧಾರ್ಮಿಕ ಆಣೆಯನ್ನೂ ವಿಧಿಸಲಿಲ್ಲ. ಆದರೆ ರಾಷ್ಟ್ರಾಧ್ಯಕ್ಷರು ಸರ್ವಶಕ್ತನಾದ ದೇವರ ಸನ್ನಿಧಿಯಲ್ಲಿ ಘೋಷಣೆ ಮಾಡಬೇಕೆಂದು ವಿಧಿಸಿ, ನಾಸ್ತಿಕನಿಗೆ ಪರ್ಯಾಯ ಪಾಠವನ್ನು ಕೊಡಲಿಲ್ಲ. 1959ರಲ್ಲಿ ಕ್ಲೇರ್ ಕ್ಷೇತ್ರವನ್ನು ಬಿಟ್ಟು ಆ ಪದವಿಗೇರಿದ ಡಿ ವಲೇರಾ ಅದೇ ಘೋಷಣೆಯನ್ನು ಮಾಡಿದರು.