ಮೊಟ್ಟೆಯಿಡದ ಕೋಳಿಗೆ ಕಾಳು

ಪ್ರಿಯರೇ, ಚಳಿಗಾಲ ಬಂತೆಂದರೆ ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಬರುತ್ತದೆ: "ಈ ಕೋಳಿಗಳು ಮೊಟ್ಟೆಯನ್ನೇ ಇಡುವದಿಲ್ಲ; ಇವಕ್ಕೆ ಜೋಳ ಹಾಕುವದು ದಂಡ." ಮಾತು ಸಣ್ಣದಾದರೂ ಅದರೊಳಗೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ನಮಗೆ ಲಾಭ ಕೊಡದ ಪ್ರಾಣಿಗೆ ನಾವು ಸಲ್ಲಿಸತಕ್ಕದ್ದು ಏನಾದರೂ ಉಂಟೋ?

ಮೊದಲು ಕೋಳಿಯ ಮೇಲಣ ಅಪವಾದವನ್ನು ವಿಚಾರಿಸೋಣ. ಅದು ಮೊಟ್ಟೆಯಿಡುವದು ಹಗಲಿನ ಬೆಳಕನ್ನು ಅನುಸರಿಸಿರುತ್ತದೆ. ದಿನಕ್ಕೆ ಸುಮಾರು 14 ಗಂಟೆಗಳ ಬೆಳಕಿದ್ದರೆ ಚೆನ್ನಾಗಿ ಇಡುವದು. ಧಾರವಾಡ ಸೀಮೆಯಲ್ಲಿ ದಶಂಬರದ ಹಗಲು 11 ಗಂಟೆಗಳಿಗಿಂತ ಸ್ವಲ್ಪವೇ ಹೆಚ್ಚು. ಇದಲ್ಲದೆ ಹಗಲು ಕುಗ್ಗುವ ಕಾಲದಲ್ಲಿ ಹಲವು ಕೋಳಿಗಳು ಹಳೆಯ ಗರಿಗಳನ್ನು ಉದುರಿಸಿ ಹೊಸವನ್ನು ತೊಡುವವು. ಮೊಟ್ಟೆಗೆ ಹೋಗುತ್ತಿದ್ದ ಪುಷ್ಟಿಯು ಆಗ ಗರಿಗೆ ಹೋಗುತ್ತದೆ. ಹೀಗಿರಲಾಗಿ ನಾವು ಮೈಗಳ್ಳತನವೆಂದು ಕರೆದದ್ದು ಸೃಷ್ಟಿಕರ್ತನು ನೇಮಿಸಿದ ವಿಶ್ರಾಂತಿಯೇ. ಏಳನೆಯ ದಿನದ ವಿಶ್ರಾಂತಿಯನ್ನು ವಿಧಿಸಿದಾಗ ಎತ್ತನ್ನೂ ಕತ್ತೆಯನ್ನೂ ಮರೆಯದ ದೇವರು ಕೋಳಿಯನ್ನು ಮರೆತಾನೇ?

"ಅದು ಬರೇ ಪಕ್ಷಿ, ಕಡೆಗೆ ಕೊಯ್ದು ತಿನ್ನುವವರೂ ನಾವೇ" ಎಂದು ಒಬ್ಬನು ಹೇಳಬಹುದು. ನಿಜ, ನೋಹನ ದಿನಗಳಲ್ಲಿ ಮಾಂಸಕ್ಕೆ ಅಪ್ಪಣೆಯಾಯಿತು. ಆದರೆ ಕೊಯ್ಯಲಿಕ್ಕೆ ಅಪ್ಪಣೆ ಬೇರೆ, ಬಳಲಿಸಲಿಕ್ಕೆ ಅಪ್ಪಣೆ ಬೇರೆ. ಎರಡನೆಯದು ನಮಗೆ ಎಲ್ಲಿಯೂ ದೊರೆಯಲಿಲ್ಲ. ತನ್ನ ಪಶುವಿನ ಜೀವವನ್ನು ಗಮನಿಸುವದು ನೀತಿವಂತನ ಗುರುತೆಂದು ಜ್ಞಾನೋಕ್ತಿಗಳು ಬೋಧಿಸುವಾಗ, ಹಾಲು ಕೊಡುವದನ್ನೂ ಕೊಡದ್ದನ್ನೂ ವಿಂಗಡಿಸಲಿಲ್ಲ. ಮತ್ತು ತಿಪ್ಪೆ ಕೆದರುವ ಕೋಳಿಯು ತನ್ನ ಹೊಟ್ಟೆಯನ್ನು ತಾನೇ ನೋಡಿಕೊಳ್ಳುತ್ತದೆ. ಪೈರು ಕೆಡಿಸೀತೆಂದೋ ನರಿ ಹಿಡಿದೀತೆಂದೋ ನಾವು ಅದನ್ನು ಕೂಡಿಹಾಕಿದ ದಿನದಿಂದ, ಅದರ ಹೊಟ್ಟೆಗೆ ಮಾತ್ರವಲ್ಲ, ಅದರ ಕೆಲಸಕ್ಕೂ ನಾವೇ ಹೊಣೆ. ಕೆದರುವ ಕೆಲಸವಿಲ್ಲದ ಕೋಳಿಗಳು ಒಂದರ ಗರಿಯನ್ನೊಂದು ಕುಕ್ಕಿ ಕೀಳುವವು.

ಈ ಹೊಣೆಯನ್ನು ತೀರಿಸಲು ದೊಡ್ಡ ವೆಚ್ಚ ಬೇಡ. ಸಾಯಂಕಾಲ ಗೂಡು ಸೇರುವ ಮುಂಚೆ ಜೋಳವನ್ನಾಗಲಿ ಮೆಕ್ಕೆಜೋಳವನ್ನಾಗಲಿ ಹಾಕಿರಿ. ರಾತ್ರಿ ಜೀರ್ಣವಾಗುತ್ತಾ ಅದು ಮೈಗೆ ಕಾವು ಕೊಡುವದು. ಬೆಳಿಗ್ಗೆ ಸ್ವಲ್ಪ ಕಾಳನ್ನು ಒಣಹುಲ್ಲಿನೊಳಗೆ ಎರಚಿದರೆ ಕೆದರುವದರಲ್ಲಿ ಹೊತ್ತು ಹೋಗುವದು. ಸೊಪ್ಪಿನ ಕಟ್ಟನ್ನು ಕತ್ತು ಚಾಚಿ ಕುಕ್ಕುವಷ್ಟು ಎತ್ತರದಲ್ಲಿ ತೂಗಹಾಕಿರಿ. ಮೂಲೆಯಲ್ಲಿ ಒಣಮಣ್ಣೂ ಒಲೆಯ ಬೂದಿಯೂ ಇದ್ದರೆ ಹೊರಳಾಡಿ ಹೇನುಗಳನ್ನು ಕಳಕೊಳ್ಳುವವು. ಗರಿ ಬರುವಾಗ ಶೇಂಗಾಹಿಂಡಿ ಒಳ್ಳೇದು. ಆದರೆ ಬೂಷ್ಟು ಹಿಡಿದದ್ದನ್ನು, "ಕೋಳಿಗೆ ತಾನೇ" ಎಂದು ಹಾಕಬೇಡಿರಿ. 1960ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಅಂಥ ಹಿಂಡಿಯ ವಿಷದಿಂದ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು.

ಹಾಗಾದರೆ ಮಕ್ಕಳ ರೊಟ್ಟಿಯನ್ನು ಕಿತ್ತು ಕೋಳಿಗೆ ಹಾಕಬೇಕೋ? ಹಾಗಲ್ಲ. ಮಕ್ಕಳೇ ಮೊದಲು. ಆದರೆ ಹತ್ತನ್ನು ಸಾಕಲಾರದವನು ಆರನ್ನು ಮಾರಿ ನಾಲ್ಕನ್ನು ಸರಿಯಾಗಿ ಸಾಕಲಿ; ಹತ್ತನ್ನೂ ಹಸಿವೆಯಲ್ಲಿಡುವದು ಬಡತನವಲ್ಲ, ಆಶೆಬುರುಕತನ.

ಯೆರೂಸಲೇಮಿಗಾಗಿ ಮರುಗಿದ ಕರ್ತನು ತನ್ನ ಪ್ರೀತಿಗೆ ಹೋಲಿಕೆಯಾಗಿ ಆರಿಸಿಕೊಂಡದ್ದು ಮರಿಗಳನ್ನು ರೆಕ್ಕೆಯೊಳಗೆ ಕೂಡಿಸುವ ಹೇಂಟೆಯನ್ನೇ ಅಲ್ಲವೇ? ಪ್ರಿಯರೇ, ಮನೆಯಲ್ಲಿ ಲಾಭ ನಿಂತುಹೋಗುವದು ಕೋಳಿಯಿಂದ ಮಾತ್ರವಲ್ಲ. ಕಳೆ ಕೀಳಲಾರದ ಮುದಿತಾಯಿಯೂ ಮಗ್ಗದಲ್ಲಿ ಕೂಡ್ರಲಾರದ ತಂದೆಯೂ ಇದ್ದಾರೆ. ಬುಟ್ಟಿಯಲ್ಲಿ ಮೊಟ್ಟೆಯಿಲ್ಲದ ದಿನಗಳಲ್ಲಿಯೂ ಕಾಳು ಚೆಲ್ಲುವ ಕೈಯನ್ನು ನೋಡುತ್ತಾ ಬೆಳೆದ ಮಕ್ಕಳು, ನಮಗೆ ಚಳಿಗಾಲ ಬಂದಾಗ ಅದನ್ನು ನೆನಸುವರು.