ಮಾಫ್ ಮಾಡಿದ ಮಹರ್, ಬಿಟ್ಟುಕೊಟ್ಟ ಪಾಲು

ಜನಾಝ ನಮಾಝಿಗೆ ಮುನ್ನ ಮನೆಯವರೊಬ್ಬರು ಎದ್ದು ನಿಂತು, ಮೃತರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ತಿಳಿಸಿ ಎಂದು ಕೇಳಿಕೊಳ್ಳುವುದು ನಮ್ಮಲ್ಲಿ ರೂಢಿ. ಒಳ್ಳೆಯ ರೂಢಿ. ಆದರೆ ಎಷ್ಟೋ ಕಡೆ ಅದಕ್ಕೂ ಮೊದಲೇ, ಮಯ್ಯಿತ್ತನ್ನು ಎತ್ತುವ ಹೊತ್ತಿಗೆ, ಹೆಂಗಸರು ವಿಧವೆಯನ್ನು ಸುತ್ತುವರಿದು "ಮಹರ್ ಮಾಫ್ ಮಾಡಿಬಿಡು" ಎಂದು ಒತ್ತಾಯಿಸಿರುತ್ತಾರೆ. ಹೊರಗಿನ ಹಕ್ಕುದಾರರನ್ನು ಹುಡುಕುವ ನಾವು ಮನೆಯೊಳಗಿನ ಹಕ್ಕುದಾರಳಿಂದ ಬಾಕಿಯೇ ಇಲ್ಲವೆಂದು ಹೇಳಿಸುತ್ತೇವೆ.

ಸಂದಾಯವಾಗದ ಮಹರ್ ಸಾಲವೇ. ಕಫನ್-ದಫನಿನ ಖರ್ಚು, ಆಮೇಲೆ ಸಾಲ, ಆಮೇಲೆ ಮೂರನೇ ಒಂದು ಭಾಗ ಮೀರದ ವಸಿಯ್ಯತ್, ಉಳಿದದ್ದು ವಾರಸುದಾರರಿಗೆ. 'ವಸಿಯ್ಯತ್ ಮತ್ತು ಸಾಲ ತೀರಿದ ಬಳಿಕ' ಎಂಬ ಷರತ್ತನ್ನು ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳು ನಾಲ್ಕು ಬಾರಿ ಹೇಳುತ್ತವೆ. ದಫನಿನ ಖರ್ಚು ಕಳೆದು 18 ಲಕ್ಷ ಉಳಿದಿದೆ, ಹೊರಗಿನ ಸಾಲ 1 ಲಕ್ಷ, ಮಹರ್ 1 ಲಕ್ಷ, ವಸಿಯ್ಯತ್ ಇಲ್ಲ ಎಂದುಕೊಳ್ಳೋಣ. ಹಂಚಲು ಸಿಗುವುದು 16 ಲಕ್ಷ. ಅದರಲ್ಲಿ ಪತ್ನಿಗೆ ಎಂಟನೇ ಒಂದು, ಅಂದರೆ 2 ಲಕ್ಷ. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳಿದ್ದರೆ ಮಗನಿಗೆ 7, ಹೆಣ್ಣುಮಕ್ಕಳಿಗೆ ತಲಾ ಮೂರೂವರೆ ಲಕ್ಷ. ಈ ಲೆಕ್ಕವನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ತನಗೆ ಏನಿದೆಯೆಂದೇ ತಿಳಿಯದವಳು ಏನನ್ನು ಬಿಟ್ಟುಕೊಟ್ಟಂತಾಯಿತು?

ಹೆಂಡತಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಮಹರನ್ನು ಅನುಭವಿಸಬಹುದೆಂದು ಅದೇ ಅಧ್ಯಾಯದ 4ನೇ ಸೂಕ್ತ ಹೇಳುತ್ತದೆ. ಗಂಡನ ಸಾವಿನ ದುಃಖದಲ್ಲಿ ಮುಳುಗಿದವಳು ಮಹರ್ ಬಿಟ್ಟರೆ ಅದು ಸ್ವತಂತ್ರ ಸಮ್ಮತಿಯಲ್ಲವೆಂದು ಕಲ್ಕತ್ತಾ ಹೈಕೋರ್ಟ್ ಹೇಳಿದ ತೀರ್ಪು ವರದಿಯಾಗಿ ನೂರು ವರ್ಷ ದಾಟಿತು (1920). ನಮ್ಮ ಮನೆಗಳಿಗೆ ಅದು ಇನ್ನೂ ತಲುಪಿಲ್ಲ.

ಸಹೋದರಿಯರದು ಇನ್ನೊಂದು ಬಗೆಯ ಕಥೆ. ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಅವರು ಅಳುವುದಿಲ್ಲ, ನಗುತ್ತಲೇ ಇರುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ ಆ ನಗುವಿನ ಹಿಂದಿದೆ. ಮದುವೆಯಲ್ಲಿ ಚಿನ್ನ ಕೊಟ್ಟಿಲ್ಲವೇ ಎಂದು ಅಣ್ಣಂದಿರು ಕೇಳುತ್ತಾರೆ. ಕೊಟ್ಟದ್ದು ನಿಜ. ಆದರೆ ಅದು ತಂದೆ ಬದುಕಿದ್ದಾಗ ಕೊಟ್ಟದ್ದು, ವಾರಸು ಹುಟ್ಟುವುದು ಅವರ ಮರಣದ ನಂತರ. ಅಣ್ಣನ ಓದಿಗೆ, ಅಂಗಡಿಗೆ ತಂದೆ ಸುರಿದ ಹಣವನ್ನು ಆತನ ಪಾಲಿನಿಂದ ಕಳೆದವರನ್ನು ನಾವಂತೂ ಕಂಡಿಲ್ಲ.

ಬ್ಯಾಂಕಿನ ನಾಮಿನಿಯೇ ಹಣದ ಒಡೆಯ ಎಂಬ ತಪ್ಪು ತಿಳುವಳಿಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಅಷ್ಟೆ.

ಮಹರನ್ನು ಕೊಡಲು ಕಾಯಬೇಕಾದ್ದೇನೂ ಇಲ್ಲ. ಜಮಾಅತಿನ ನಿಕಾಹ್ ದಫ್ತರದಲ್ಲಿ ಮೊತ್ತ ಬರೆದೇ ಇರುತ್ತದೆ. ಬಿಡುವ ಮಾತನ್ನಾದರೂ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಯಾರೂ ಎತ್ತದಿರಲಿ. ಅನಂತರ ಆಸ್ತಿಯ ಪಟ್ಟಿಯನ್ನು ಆಕೆಯ ಮುಂದಿಟ್ಟು, ಆಕೆಯ ಕಡೆಯವರೊಬ್ಬರನ್ನು ಕೂರಿಸಿಕೊಂಡು ಕೇಳಲಿ. ಬೇಡವೆನ್ನಲು ಆಗ ಆಕೆಗೆ ಎಡೆಯಿರುತ್ತದೆ.